‘ಚೆಕ್’ ಶಬ್ದದ ನಾನಾರ್ಥವೂ ಮೂಲವಿಚಾರವೂ

ಇಂಗ್ಲಿಷ್ ಭಾಷೆಯಿಂದ ಕನ್ನಡಕ್ಕೆ ಬಂದು, ಬಂದವೆಂಬ ನೆನಪೇ ಅಳಿಯುವಷ್ಟು ರೂಢವಾಗಿರುವ ಶಬ್ದಗಳಲ್ಲಿ ‘ಚೆಕ್’ ಎಂಬುದೂ ಒಂದು. ಬ್ಯಾಂಕಿಗೆ ಬರೆದುಕೊಡುವ ಹಣದ ಆಜ್ಞಾಪತ್ರವು ಚೆಕ್ಕು; ಲೆಕ್ಕವನ್ನು ತಾಳೆನೋಡುವುದು ಚೆಕ್ ಮಾಡುವುದು; ಹೆದ್ದಾರಿಯಲ್ಲಿ ಲಾರಿಗಳನ್ನು ನಿಲ್ಲಿಸಿ ನೋಡುವ ಸ್ಥಳವು ಚೆಕ್‌ಪೋಸ್ಟು; ಹಳ್ಳಕ್ಕೆ ಅಡ್ಡಲಾಗಿ ಕಟ್ಟುವ ಸಣ್ಣ ಒಡ್ಡು ಚೆಕ್ ಡ್ಯಾಮು; ಚೌಕಳಿಯ ಬಟ್ಟೆಯು ಚೆಕ್ಸು; ಚದುರಂಗದಲ್ಲಿ ರಾಜನಿಗೆ ಒದಗುವ ಸಂಕಟವೂ ಚೆಕ್ಕೇ. ಇಷ್ಟು ಸಾಲದೆಂಬಂತೆ ಮಧ್ಯ ಯೂರೋಪಿನ ಒಂದು ಜನಾಂಗದ ಹೆಸರನ್ನೂ ಕನ್ನಡ ಲಿಪಿಯಲ್ಲಿ ಚೆಕ್ ಎಂದೇ ಬರೆಯುವುದು ವಾಡಿಕೆಯಾಗಿದೆ. ಜಮೀನಿನ ಕ್ರಯಪತ್ರಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವ ‘ಚೆಕ್ಕುಬಂದಿ’ಯು ಇವೆಲ್ಲಕ್ಕಿಂತ ಹಿಂದಿನಿಂದಲೂ ಇದ್ದೇ ಇದೆ.

ಹೀಗಿರಲು, ಇದು ಅನೇಕಾರ್ಥಗಳುಳ್ಳ ಒಂದೇ ಶಬ್ದವೋ, ಅಥವಾ ಒಂದೇ ಧ್ವನಿಯುಳ್ಳ ಅನೇಕ ಶಬ್ದಗಳೋ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಈ ಪ್ರಶ್ನೆ ಸಂಸ್ಕೃತ ವೈಯಾಕರಣರಿಗೆ ಹೊಸತಲ್ಲ. ‘ಅಕ್ಷ’, ‘ಪಾದ’, ‘ಮಾಷ’ ಮುಂತಾದ ಶಬ್ದಗಳನ್ನೆತ್ತಿಕೊಂಡು ಮಹಾಭಾಷ್ಯಕಾರನು ಏಕಶೇಷಪ್ರಕರಣದಲ್ಲಿ ಇದನ್ನು ಚರ್ಚಿಸಿದ್ದಾನೆ; ಭರ್ತೃಹರಿಯು ವಾಕ್ಯಪದೀಯದಲ್ಲಿ ಏಕಶಬ್ದವಾದ, ಅನೇಕಶಬ್ದವಾದಗಳೆರಡನ್ನೂ ಪಕ್ಷಗಳಾಗಿ ಇಟ್ಟು ವಿಚಾರಿಸಿದ್ದಾನೆ; ಅಮರಸಿಂಹನಂತೂ ನಾನಾರ್ಥಗಳಿಗೆಂದೇ ಒಂದು ವರ್ಗವನ್ನು ಮೀಸಲಿಟ್ಟಿದ್ದಾನೆ. ಅಲ್ಲಿ ಪ್ರಶ್ನೆಯು ಬಹುಮಟ್ಟಿಗೆ ಶಾಬ್ದಬೋಧಕ್ಕೆ ಸಂಬಂಧಿಸಿದ್ದು. ಇಲ್ಲಿಯಾದರೋ ಕೋಶಕಾರನೂ ಭಾಷಾಂತರಕಾರನೂ ದಿನದಿನವೂ ಎದುರಿಸುವ ಕಾರ್ಯದ ಪ್ರಶ್ನೆಯಾಗಿದೆ. ಇದಕ್ಕಿಂತ ಗುರುತರವಾದ ಇನ್ನೊಂದು ಸಂಗತಿಯೂ ಉಂಟು. ಇಂಗ್ಲಿಷಿನ ಪದವೊಂದು ಕಿವಿಗೆ ಬಿದ್ದೊಡನೆ ಅದಕ್ಕೆ ಸಂಸ್ಕೃತದಲ್ಲಿ ಹೋಲುವ ಶಬ್ದವನ್ನು ಹುಡುಕಿ, ‘ಅದು ನಮ್ಮದೇ’ ಎಂದು ಹೇಳಿಬಿಡುವ ಅಭ್ಯಾಸವು ಶಾಸ್ತ್ರವನ್ನು ಓದಿದವರಲ್ಲಿಯೂ ಹರಡಿರುವುದು. ಚೆಕ್ ಶಬ್ದದ ಚರಿತ್ರೆಯು ಈ ಅಭ್ಯಾಸವನ್ನು ಪರೀಕ್ಷಿಸಲು ಒಳ್ಳೆಯ ಒರೆಗಲ್ಲು. ಏಕೆಂದರೆ ಇದರಲ್ಲಿ ಸಂಸ್ಕೃತದ ಸಂಬಂಧವು ನಿಜವಾಗಿಯೂ ಇದೆ. ಆದರೆ ಹುಡುಕುವವರು ಬೆರಳಿಡುವ ಕಡೆಯಲ್ಲಿ ಇಲ್ಲ.

ಮೊದಲು ಪೂರ್ವಪಕ್ಷ. ಇಂಗ್ಲಿಷಿನಲ್ಲಿ ಚೆಕ್ ಎಂದರೆ ಚೌಕಾಕಾರದ ಮನೆ, ಚೌಕಳಿ ಎಂಬ ಅರ್ಥವಿದೆ. ಕನ್ನಡದಲ್ಲಿ ‘ಚೌಕ’ ಎಂಬ ಶಬ್ದವಿದೆ. ಅದು ಸಂಸ್ಕೃತದ ‘ಚತುಷ್ಕ’ದಿಂದ ಪ್ರಾಕೃತದ ‘ಚಉಕ್ಕ’ದ ಮೂಲಕ ಬಂದದ್ದು, ಇದರಲ್ಲಿ ವಿವಾದವಿಲ್ಲ. ಚಕಾರವೂ ಕಕಾರವೂ ಎರಡರಲ್ಲಿಯೂ ಇವೆ, ಅರ್ಥವೂ ಒಂದೇ. ಮೇಲಾಗಿ ಚೆಕ್ ಎಂಬುದು ಚದುರಂಗದ ಆಟದ ಮಾತು, ಆಟವು ಭಾರತದ್ದು, ಆಟದ ಹೆಸರಾದ ‘ಚತುರಂಗ’ದಲ್ಲಿಯೂ ಅದೇ ಚತುಃ ಶಬ್ದವಿದೆ. ಆದಕಾರಣ ಚೆಕ್ ಎಂಬುದು ಚತುಷ್ಕದ ಅಪಭ್ರಂಶ. ಹೀಗೆಂದು ಹೇಳಿದರೆ ಸಭೆಯಲ್ಲಿ ತಲೆದೂಗದವರು ವಿರಳ. ಶಬ್ದಸಾಮ್ಯ, ಅರ್ಥಸಾಮ್ಯ, ದೇಶಸಂಬಂಧ ಎಂಬ ಮೂರೂ ಕೂಡಿಬಂದಿರುವಾಗ ನಾಲ್ಕನೆಯ ಪ್ರಮಾಣವನ್ನು ಯಾರು ಕೇಳುತ್ತಾರೆ? ಆದರೂ ಈ ವ್ಯುತ್ಪತ್ತಿಯು ಸುಳ್ಳು. ಮತ್ತು ಅದು ಸುಳ್ಳೆಂಬುದಕ್ಕೆ ಊಹೆಯ ಅವಶ್ಯಕತೆಯಿಲ್ಲ, ಲಿಖಿತ ದಾಖಲೆಗಳೇ ಇವೆ.

ಇಂಗ್ಲಿಷಿನಲ್ಲಿ ಈ ಶಬ್ದವು ಹಳೆಯ ಫ್ರೆಂಚಿನ ‘ಎಶೆಕ್’ ಎಂಬುದರಿಂದ ಬಂದದ್ದು. ಅದಕ್ಕೆ ಮೂಲ ಮಧ್ಯಯುಗದ ಲ್ಯಾಟಿನ್ನಿನ ‘ಸ್ಕಾಕ್ಕುಸ್’. ಇದು ಅರಬ್ಬೀ ಭಾಷೆಯ ಮೂಲಕ ಯೂರೋಪಿಗೆ ಹೋದ ಪಾರಸೀಕ ಶಬ್ದವಾದ ‘ಶಾಹ್’ ಎಂಬುದರ ಲ್ಯಾಟಿನ್ ವೇಷ. ಶಾಹ್ ಎಂದರೆ ರಾಜ. ಚದುರಂಗದಲ್ಲಿ ಎದುರಾಳಿಯ ರಾಜನ ಮೇಲೆ ಕಾಯಿಯನ್ನು ಹರಿಯಬಿಟ್ಟವನು ‘ಶಾಹ್’ ಎಂದು ಕೂಗಿ ಎಚ್ಚರಿಸಬೇಕೆಂಬುದು ಆಟದ ಸಂಪ್ರದಾಯವಾಗಿತ್ತು. ಹಿಂದುಸ್ತಾನಿಯಲ್ಲಿ ಇಂದಿಗೂ ‘ಶಹ್’ ಎಂದೇ ಹೇಳುತ್ತಾರೆ. ಆ ಕೂಗೇ ಚೆಕ್. ಅದರ ಬಹುವಚನವಾದ ಫ್ರೆಂಚಿನ ‘ಎಶೆ’ಯಿಂದ ಆಟದ ಹೆಸರಾದ ‘ಚೆಸ್’ ಹುಟ್ಟಿತು. ಅಂದರೆ ಇಂಗ್ಲಿಷರು ಆಟಕ್ಕೆ ಇಟ್ಟುಕೊಂಡ ಹೆಸರು ‘ರಾಜರು’ ಎಂದಷ್ಟೇ. ಅದರಲ್ಲಿ ಚತುರಂಗದ ಒಂದು ಅಂಗವೂ ಇಲ್ಲ. ಜರ್ಮನ್ನರ ‘ಶಾಖ್’, ಇಟಲಿಯವರ ‘ಸ್ಕಾಕಿ’, ರಷ್ಯನ್ನರ ‘ಶಾಖ್‌ಮತಿ’ ಎಲ್ಲವೂ ಈ ರಾಜವಂಶದವೇ. ಚತುರಂಗದ ವಂಶವು ಬೇರೆ ದಾರಿ ಹಿಡಿಯಿತು. ಪಹ್ಲವಿಯಲ್ಲಿ ‘ಚತ್ರಂಗ್’, ಅರಬ್ಬಿಯಲ್ಲಿ ‘ಶತ್ರಂಜ್’, ಅಲ್ಲಿಂದ ಸ್ಪೇನಿನಲ್ಲಿ ‘ಅಖೆದ್ರೆಸ್’ ಎಂಬಷ್ಟು ರೂಪಾಂತರ ಹೊಂದಿ ಅದು ಯೂರೋಪಿನ ಪಶ್ಚಿಮದ ಅಂಚಿನಲ್ಲಿ ನಿಂತಿದೆ. ಕನ್ನಡಿಗರ ‘ಚದುರಂಗ’ಕ್ಕೆ ಸೋದರಸಂಬಂಧಿಯು ಬೇಕಾದರೆ ಲಂಡನ್ನಿನಲ್ಲಿ ಹುಡುಕಬಾರದು, ಮ್ಯಾಡ್ರಿಡ್ಡಿನಲ್ಲಿ ಹುಡುಕಬೇಕು.

‘ಸ್ಕಾಕ್ಕುಸ್’ ಎಂಬುದು ‘ಎಶೆಕ್’ ಆದುದೂ, ಅದು ‘ಚೆಕ್’ ಆದುದೂ ಯಾದೃಚ್ಛಿಕವಲ್ಲ. ಲ್ಯಾಟಿನ್ನಿನ ಪದಾದಿಯ ಸಕಾರಯುಕ್ತ ಸಂಯುಕ್ತಾಕ್ಷರಕ್ಕೆ ಹಿಂದೆ ಒಂದು ಎಕಾರವನ್ನು ಫ್ರೆಂಚ್ ಭಾಷೆಯು ತಂದುಕೊಳ್ಳುತ್ತದೆ. ‘ಸ್ಕೊಲ’ ಎಂಬುದು ‘ಎಸ್ಕೊಲ್’ ಆಗುತ್ತದೆ. ಹಳ್ಳಿಯವರು ಸ್ಕೂಲನ್ನು ‘ಇಸ್ಕೂಲು’ ಎನ್ನುವುದೂ, ‘ಸ್ತ್ರೀ’ ಶಬ್ದವು ಪ್ರಾಕೃತದಲ್ಲಿ ‘ಇತ್ಥೀ’ ಆಗುವುದೂ ಇದೇ ಜಾತಿಯ ವಿಕಾರಗಳು. ಆಮೇಲೆ ಇಂಗ್ಲಿಷ್ ಭಾಷೆಯು ಆ ಎಕಾರವನ್ನು ಸಕಾರದೊಡನೆ ಕಳೆದುಕೊಂಡಿತು. ಈ ವಿಕಾರಗಳಿಗೆ ಸೂತ್ರವಿದೆ. ಒಂದು ಶಬ್ದದಲ್ಲಿ ಕಂಡದ್ದು ಹತ್ತು ಶಬ್ದಗಳಲ್ಲಿ ಕಾಣುತ್ತದೆ. ‘ಚತುಷ್ಕ’ದಿಂದ ಚೆಕ್ ಹುಟ್ಟಿತೆನ್ನುವವರು ಅಂಥ ಒಂದು ಸೂತ್ರವನ್ನೂ ತೋರಿಸಲಾರರು, ಲ್ಯಾಟಿನ್ನಿನ ಆದಿಯ ಸಕಾರವು ಎಲ್ಲಿಂದ ಬಂತೆಂದು ಕೇಳಿದರೆ ಅವರಲ್ಲಿ ಉತ್ತರವೂ ಇಲ್ಲ. ತದ್ಭವಗಳನ್ನು ವಿವರಿಸುವಾಗ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ಯಾವ ವರ್ಣಕ್ಕೆ ಯಾವ ವರ್ಣವು ಬರುತ್ತದೆಂದು ವಿಧಿಸಿ ಅನೇಕ ಲಕ್ಷ್ಯಗಳನ್ನು ಕೊಡುತ್ತಾನೆ. ೧೩ನೆಯ ಶತಮಾನದ ಕನ್ನಡ ವೈಯಾಕರಣನು ಪಾಲಿಸಿದ ಕಟ್ಟುಪಾಡನ್ನು ಇಂದಿನವರು ಇಂಗ್ಲಿಷಿನ ವಿಷಯದಲ್ಲಿ ಬಿಟ್ಟುಬಿಡುವುದಕ್ಕೆ ಕಾರಣವೇನೂ ತೋರದು.

ಇನ್ನು ಚೌಕಳಿಯ ಅರ್ಥವು ಎಲ್ಲಿಂದ ಬಂತು? ರಾಜನಿಂದ ಆಟಕ್ಕೆ, ಆಟದಿಂದ ಆಟದ ಮಣೆಗೆ, ಮಣೆಯಿಂದ ಅದರ ಮೇಲಿನ ಮನೆಗಳಿಗೆ, ಮನೆಗಳಿಂದ ಅಂಥ ಗೆರೆಗಳುಳ್ಳ ಬಟ್ಟೆಗೆ ಎಂಬುದು ಕ್ರಮ. ಚದುರಂಗದ ಮಣೆಗೆ ಹಳೆಯ ಫ್ರೆಂಚಿನಲ್ಲಿ ‘ಎಶೆಕಿಯೆ’, ಲ್ಯಾಟಿನ್ನಿನಲ್ಲಿ ‘ಸ್ಕಾಕ್ಕಾರಿಯುಂ’ ಎಂದು ಹೆಸರು. ಇಂಗ್ಲಿಷಿನ ‘ಚೆಕರ್’ ಇದರ ರೂಪ. ಬಟ್ಟೆಯ ಚೆಕ್ಸು ಅದರ ಹ್ರಸ್ವರೂಪ. ಚೌಕಾಕಾರವೆಂಬ ಅರ್ಥವು ಶಬ್ದದ ಹುಟ್ಟಿನಲ್ಲಿಲ್ಲ, ಎಷ್ಟೋ ಪೀಳಿಗೆಗಳ ಅನಂತರ ಬಂದು ಸೇರಿದ್ದು. ಹುಟ್ಟಿನ ಹೊತ್ತಿಗೆ ಇಲ್ಲದ ಅರ್ಥವನ್ನು ಹಿಡಿದು ತಾಯಿಯನ್ನು ಗುರುತಿಸಹೊರಡುವುದು ಹೇಗೆ? ಶಬ್ದಸಾಮ್ಯವೂ ಅರ್ಥಸಾಮ್ಯವೂ ಕೂಡಿಬಂದರೂ ಸಂಬಂಧವು ಸಿದ್ಧಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಸಿಕ್ಕುವುದು ಕಷ್ಟ.

ಈ ಮಣೆಯಿಂದಲೇ ಹಣದ ಅರ್ಥವೂ ಹುಟ್ಟಿದ್ದು; ಅದರ ಕಥೆ ವಿಸ್ತಾರವಾಗಿ ಹೇಳತಕ್ಕದ್ದು. ಇಂಗ್ಲೆಂಡಿನ ರಾಜಕೋಶಕ್ಕೆ ‘ಎಕ್ಸ್‌ಚೆಕರ್’ ಎಂದು ಹೆಸರು. ಎರಡನೆಯ ಹೆನ್ರಿ ರಾಜನ ಕೋಶಾಧಿಕಾರಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಎಂಬವನು ೧೧೭೭ರಿಂದ ೧೧೭೯ರ ಸುಮಾರಿನಲ್ಲಿ ಈ ಸಂಸ್ಥೆಯನ್ನು ಕುರಿತು ಲ್ಯಾಟಿನ್ನಿನಲ್ಲಿ ಒಂದು ಗ್ರಂಥವನ್ನು ಬರೆದನು. ಅದು ಗುರುಶಿಷ್ಯಸಂವಾದರೂಪದಲ್ಲಿದೆ, ಉಪನಿಷತ್ತುಗಳನ್ನೂ ಆಗಮಗಳನ್ನೂ ಓದಿದವರಿಗೆ ಅದರ ರೀತಿಯು ಪರಿಚಿತವೆನಿಸುವುದು. ಅದರಲ್ಲಿ ವರ್ಣಿಸಿರುವಂತೆ, ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲದ ಒಂದು ಮೇಜು. ಮೇಲಿಟ್ಟದ್ದು ಉರುಳಿಹೋಗದಂತೆ ಅದರ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆಗಳುಳ್ಳ ಕಪ್ಪು ಬಟ್ಟೆಯ ಹಾಸು. ಗೆರೆಗಳ ನಡುವಣ ಅಂಕಣಗಳಲ್ಲಿ ಬಿಲ್ಲೆಗಳನ್ನಿಟ್ಟು ಪೆನ್ನಿ, ಷಿಲ್ಲಿಂಗು, ಪೌಂಡುಗಳನ್ನು ಎಣಿಸುತ್ತಿದ್ದರು. ಬಿಡಿ, ಹತ್ತು, ನೂರು ಎಂದು ಸ್ಥಾನಮಾನದಿಂದ ಬರೆಯುವ ಅಂಕಿಗಳು ಆ ಲೆಕ್ಕಿಗರ ಬಳಕೆಗೆ ಇನ್ನೂ ಬಂದಿರಲಿಲ್ಲ. ರೋಮನ್ ಅಂಕಿಗಳಲ್ಲಿ ಕೂಡುವುದೂ ಕಳೆಯುವುದೂ ದುಸ್ಸಾಧ್ಯವಾದುದರಿಂದ ಸ್ಥಾನಮಾನದ ಕೆಲಸವನ್ನು ಬಟ್ಟೆಯ ಅಂಕಣಗಳು ಮಾಡಿದವು. ಮೇಜಿಗೆ ಈ ಹೆಸರೇಕೆಂದು ಶಿಷ್ಯನು ಕೇಳುತ್ತಾನೆ. ಅದರ ಆಕಾರವು ಚದುರಂಗದ ಮಣೆಯನ್ನು ಹೋಲುತ್ತದೆ ಎಂಬುದು ಗುರುವಿನ ಮೊದಲ ಉತ್ತರ. ಅಷ್ಟಕ್ಕೆ ಶಿಷ್ಯನು ತೃಪ್ತನಾಗುವುದಿಲ್ಲ. ಮಣೆಯ ಮೇಲೆ ಎರಡು ಪಕ್ಷಗಳು ಸೆಣಸುವಂತೆ ಇಲ್ಲಿ ಲೆಕ್ಕ ಕೇಳುವ ಕೋಶಾಧಿಕಾರಿಗೂ ಲೆಕ್ಕ ಒಪ್ಪಿಸಬೇಕಾದ ಷೆರೀಫನಿಗೂ ಸೆಣಸಾಟ ನಡೆಯುತ್ತದೆ ಎಂಬುದು ಎರಡನೆಯ ಉತ್ತರ. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಎರಡೂ ಸಾದೃಶ್ಯಮೂಲವಾದ ಗೌಣೀ ಲಕ್ಷಣೆಯೇ. ಮೊದಲನೆಯದು ಆಕಾರಸಾದೃಶ್ಯ, ಎರಡನೆಯದು ವ್ಯಾಪಾರಸಾದೃಶ್ಯ.

ಪಾವತಿಗೆ ರಸೀತಿಯು ಕಾಗದವಲ್ಲ, ಕೋಲು. ಒಂದು ಕೋಲಿನ ಮೇಲೆ ಮೊತ್ತಕ್ಕೆ ತಕ್ಕಂತೆ ಕಚ್ಚುಗಳನ್ನು ಹಾಕಿ, ಅದನ್ನು ಉದ್ದಕ್ಕೆ ಸೀಳಿ, ಒಂದು ಭಾಗವನ್ನು ಹಣ ಕೊಟ್ಟವನಿಗೂ ಇನ್ನೊಂದನ್ನು ಕೋಶಕ್ಕೂ ಉಳಿಸುತ್ತಿದ್ದರು. ಸಾವಿರ ಪೌಂಡಿನ ಕಚ್ಚು ಅಂಗೈಯ ದಪ್ಪ, ನೂರರದು ಹೆಬ್ಬೆರಳಿನ ದಪ್ಪ, ಇಪ್ಪತ್ತರದು ಕಿರುಬೆರಳಿನ ದಪ್ಪ, ಒಂದು ಪೌಂಡಿನದು ಬಲಿತ ಜವೆಯ ಕಾಳಿನಷ್ಟು ಎಂದು ಆ ಗ್ರಂಥದಲ್ಲಿಯೇ ಇದೆ. ಅಂಗುಲವನ್ನು ಎಂಟು ಯವಗಳಿಂದ ಅಳೆದವರಿಗೆ ಈ ಕೊನೆಯ ಮಾನವು ವಿಚಿತ್ರವೆನಿಸದು. ಸೀಳಿದ ಎರಡು ಭಾಗಗಳನ್ನು ಜೋಡಿಸಿದಾಗ ಕಚ್ಚುಗಳು ಕೂಡಿಬಂದರೆ ಲೆಕ್ಕ ಸರಿ, ಇಲ್ಲವಾದರೆ ಮೋಸ. ಈ ಕೋಲುಗಳ ಬಳಕೆಯು ೧೮೨೬ರಲ್ಲಿ ನಿಂತಿತು. ೧೮೩೪ರ ಅಕ್ಟೋಬರ್ ೧೬ರಂದು ಹಳೆಯ ಕೋಲುಗಳ ರಾಶಿಯನ್ನು ಪಾರ್ಲಿಮೆಂಟು ಭವನದ ಒಲೆಗಳಲ್ಲಿ ಸುಡಹೋಗಿ ಆ ಭವನವನ್ನೇ ಸುಟ್ಟುಕೊಂಡರು.

ಪ್ರಕೃತಕ್ಕೆ ಬರುವುದಾದರೆ, ಚದುರಂಗದ ಕೂಗಿನಿಂದ ‘ಹಠಾತ್ತಾಗಿ ತಡೆಯುವುದು’ ಎಂಬ ಅರ್ಥವೂ, ಅದರಿಂದ ‘ಅಂಕೆಯಲ್ಲಿಡುವುದು’ ಎಂಬುದೂ, ಅದರಿಂದ ‘ಒಂದನ್ನು ಇನ್ನೊಂದರೊಡನೆ ಹೋಲಿಸಿ ಮೋಸವನ್ನು ತಡೆಯುವುದು’ ಎಂಬುದೂ, ಅದರಿಂದ ‘ತಾಳೆನೋಡುವುದು’ ಎಂಬುದೂ ಕ್ರಮವಾಗಿ ಬೆಳೆದವು. ತಾಳೆನೋಡಿದ್ದಕ್ಕೆ ಹಾಕುವ ಗುರುತು, ಸಾಮಾನನ್ನು ಒಪ್ಪಿಸಿದವನಿಗೆ ಕೊಡುವ ಬಿಲ್ಲೆ, ಅಮೆರಿಕದ ಭೋಜನಶಾಲೆಯ ಬಿಲ್ಲು, ಇವೆಲ್ಲ ಈ ಕವಲಿನ ಚಿಗುರುಗಳು; ಇವನ್ನು ಬೆಳೆಸುವುದು ಅನಾವಶ್ಯಕ. ೧೮ನೆಯ ಶತಮಾನದ ಆರಂಭದಲ್ಲಿ ಹಣದ ಪತ್ರಗಳ ಪ್ರತ್ಯರ್ಧಕ್ಕೆ, ಅಂದರೆ ಕೌಂಟರ್‌ಫಾಯಿಲ್ಲಿಗೆ, ಚೆಕ್ ಎಂದು ಹೆಸರಾಯಿತು. ಮೋಸವನ್ನು ತಡೆಯುವುದು ಅದೇ ಆಗಿತ್ತಾದುದರಿಂದ ಹೆಸರು ಅನ್ವರ್ಥ. ಬಳಿಕ ಅಂಥ ಪ್ರತ್ಯರ್ಧವುಳ್ಳ ಪತ್ರಕ್ಕೂ ಹೆಸರು ಹರಡಿತು. ಉಳಿದದ್ದರ ಹೆಸರು ಹೋದದ್ದಕ್ಕೆ ಬಂದುದು ಅವಯವದ ಹೆಸರು ಅವಯವಿಗೆ ಬಂದ ಲಕ್ಷಣೆ. ಬ್ರಿಟನ್ನಿನಲ್ಲಿ ಈ ಅರ್ಥದ ಚೆಕ್ಕನ್ನು ಎಕ್ಸ್‌ಚೆಕರಿನ ಸಹವಾಸದಿಂದ ಬೇರೆ ಅಕ್ಷರಗಳಲ್ಲಿ ಬರೆಯಹತ್ತಿದರು. ಅಮೆರಿಕದವರು ಹಳೆಯ ಬರೆವಣಿಗೆಯನ್ನೇ ಇಟ್ಟುಕೊಂಡರು. ಅಕ್ಷರಭೇದದಿಂದ ಶಬ್ದಭೇದವನ್ನು ಕಲ್ಪಿಸುವವರು ಇದನ್ನು ಗಮನಿಸಬೇಕು. ಎಕ್ಸ್‌ಚೆಕರಿನ ಮೊದಲಲ್ಲಿರುವ ‘ಎಕ್ಸ್’ ಎಂಬುದೂ ಪಂಡಿತರ ಪ್ರಮಾದವೇ. ಫ್ರೆಂಚಿನ ಆಗಂತುಕವಾದ ಎಕಾರವನ್ನೂ ಸಕಾರವನ್ನೂ ಲ್ಯಾಟಿನ್ ಉಪಸರ್ಗವೆಂದು ಭ್ರಮಿಸಿ ತಿದ್ದಿದ ಫಲ. ವಿದ್ವತ್ತಿನ ಅತಿರೇಕದಿಂದ ಶಬ್ದವು ಕೆಡುವುದು ಒಂದು ದೇಶದ ಸೊತ್ತಲ್ಲ.

ಈಗ ಎರಡನೆಯ ಪೂರ್ವಪಕ್ಷ. ಹಣದ ಚೆಕ್ಕು ಅರಬ್ಬಿಯ ‘ಸಕ್ಕ್’ ಎಂಬುದರಿಂದ ಬಂದಿತೆಂದು ಹಲವರು ಬರೆಯುತ್ತಾರೆ. ಸಕ್ಕ್ ಎಂದರೆ ಹಣ ಕೊಡಬೇಕೆಂಬ ಲಿಖಿತ ಪತ್ರ. ಅದು ಪಾರಸಿಯ ‘ಚಕ್’ ಎಂಬುದರ ಅರಬ್ಬೀ ರೂಪ. ಬಾಗ್ದಾದಿನ ವರ್ತಕರು ಮಧ್ಯಯುಗದಲ್ಲಿ ಇದನ್ನು ಬಳಸುತ್ತಿದ್ದರು ಎಂಬಷ್ಟು ನಿಜ. ಈ ಪಕ್ಷವು ಚೌಕದ ಪಕ್ಷಕ್ಕಿಂತ ಬಲವಾದದ್ದೆಂದು ಒಪ್ಪಲೇಬೇಕು; ಇಲ್ಲಿ ವಸ್ತುವೂ ಒಂದೇ, ಧ್ವನಿಯೂ ಹತ್ತಿರ, ಅರಬ್ಬರಿಂದ ಯೂರೋಪಿನವರು ಪಡೆದ ವಾಣಿಜ್ಯದ ಶಬ್ದಗಳೂ ಕಡಮೆಯಲ್ಲ. ಆದರೂ ಇದು ನಿಲ್ಲಲಾರದು. ಅರಬ್ಬರೊಡನೆ ವ್ಯಾಪಾರ ಮಾಡಿದವರು ಇಟಲಿಯವರು, ಸ್ಪೇನಿನವರು. ಶಬ್ದವು ಬಂದಿದ್ದರೆ ಅವರ ಬಾಯಿಂದ ಬರಬೇಕಾಗಿತ್ತು. ಇಟಲಿಯವರು ಈ ಪತ್ರಕ್ಕೆ ‘ಅಸ್ಸೆಞೊ’ ಎನ್ನುತ್ತಾರೆ. ಫ್ರೆಂಚರ ‘ಶೆಕ್’ ಎಂಬುದು ೧೯ನೆಯ ಶತಮಾನದಲ್ಲಿ ಇಂಗ್ಲಿಷಿನಿಂದಲೇ ಪಡೆದ ಸಾಲ. ಬಾಗ್ದಾದಿಗೂ ಲಂಡನ್ನಿಗೂ ನಡುವೆ ಎಂಟು ಶತಮಾನಗಳ ಕಾಲ ಒಂದು ಕೊಂಡಿಯೂ ಸಿಕ್ಕುವುದಿಲ್ಲ. ಇದಕ್ಕಿಂತಲೂ ಮುಖ್ಯವಾದದ್ದು ಅರ್ಥದ ಕ್ರಮ. ಇಂಗ್ಲಿಷರು ೧೭ನೆಯ ಶತಮಾನದಲ್ಲಿಯೇ ಅಕ್ಕಸಾಲೆ ಸಾಹುಕಾರರ ಮೇಲೆ ಹಣದ ಆಜ್ಞೆಗಳನ್ನು ಬರೆಯುತ್ತಿದ್ದರು. ಅವಕ್ಕೆ ನೋಟು, ಬಿಲ್ಲು ಎಂಬ ಹೆಸರುಗಳಿದ್ದವೇ ಹೊರತು ಚೆಕ್ ಎಂಬ ಹೆಸರಿರಲಿಲ್ಲ. ಚೆಕ್ ಎಂಬುದು ಮೊದಲು ಹೇಳಿದ್ದು ಪ್ರತ್ಯರ್ಧವನ್ನು. ಸಕ್ಕಿನಿಂದ ಬಂದಿದ್ದರೆ ಪತ್ರದ ಅರ್ಥವೇ ಮೊದಲಾಗಬೇಕಾಗಿತ್ತು. ಸಂಸ್ಥೆಯ ಚರಿತ್ರೆಯೇ ಬೇರೆ, ಶಬ್ದದ ಚರಿತ್ರೆಯೇ ಬೇರೆ. ಭಾರತದ ವರ್ತಕರ ಹುಂಡಿಯೂ ಹಣದ ಆಜ್ಞಾಪತ್ರವೇ ಆಗಿತ್ತು. ಧ್ವನಿಸಾಮ್ಯವಿಲ್ಲವೆಂಬ ಒಂದೇ ಕಾರಣದಿಂದ ಅದರ ವಿಷಯದಲ್ಲಿ ಯಾರೂ ಭ್ರಾಂತರಾಗಿಲ್ಲ. ಧ್ವನಿಸಾಮ್ಯವೇ ಸಾಕೆನ್ನುವುದಾದರೆ ಇಂಗ್ಲೆಂಡಿನ ಹಳೆಯ ರಸೀತಿಯು ಮರದ ಚೆಕ್ಕೆಯಾಗಿತ್ತಾದುದರಿಂದ ಚೆಕ್ಕು ಕನ್ನಡದ ‘ಚೆಕ್ಕೆ’ಯಿಂದಲೇ ಬಂದಿತೆಂದು ಸಾಧಿಸಲೂ ಅಡ್ಡಿಯಿಲ್ಲ!

ಇಂಥ ಸ್ವಚ್ಛಂದಕಲ್ಪನೆಗೆ ಶಾಸ್ತ್ರದ ಬೆಂಬಲವಿದೆಯೆಂದು ಕೆಲವರು ಯಾಸ್ಕನನ್ನು ಮುಂದಿಡುತ್ತಾರೆ. ಅಕ್ಷರಮಾತ್ರದ ಸಾಮ್ಯವಿದ್ದರೂ ನಿರ್ವಚನ ಮಾಡಬೇಕು, ಮಾಡದೆ ಬಿಡಬಾರದು ಎಂದು ಅವನು ಹೇಳಿರುವುದು ನಿಜ. ಆದರೆ ನಿರುಕ್ತದ ಪ್ರಯೋಜನವು ಮಂತ್ರಾರ್ಥಜ್ಞಾನ. ಅರ್ಥವೇ ಅಲ್ಲಿ ಪ್ರಧಾನ, ವರ್ಣವು ಅದರ ಸೇವಕ. ಒಂದು ದೇಶದ ಶಬ್ದವು ಇನ್ನೊಂದು ದೇಶಕ್ಕೆ ಯಾವ ದಾರಿಯಲ್ಲಿ ನಡೆಯಿತೆಂದು ನಿರ್ಣಯಿಸುವುದು ಅವನ ಉದ್ದೇಶವೇ ಅಲ್ಲ. ಆ ಪ್ರಶ್ನೆಯನ್ನು ಎತ್ತಿದವರು ಮೀಮಾಂಸಕರು. ‘ಪಿಕ’, ‘ನೇಮ’, ‘ತಾಮರಸ’ ಮೊದಲಾದ, ಆರ್ಯರಲ್ಲಿ ಪ್ರಸಿದ್ಧವಲ್ಲದ ಶಬ್ದಗಳು ವೇದದಲ್ಲಿ ಬಂದಾಗ ಅವಕ್ಕೆ ಧಾತುಪ್ರತ್ಯಯಗಳಿಂದ ಅರ್ಥವನ್ನು ಕಲ್ಪಿಸಬೇಕೋ, ಅಥವಾ ಅವನ್ನು ಆಡುವ ಮ್ಲೇಚ್ಛರ ಪ್ರಸಿದ್ಧಿಯನ್ನೇ ಸ್ವೀಕರಿಸಬೇಕೋ ಎಂದು ಸಂಶಯಿಸಿ, ಮ್ಲೇಚ್ಛಪ್ರಸಿದ್ಧಿಯೇ ಗ್ರಾಹ್ಯವೆಂದು ಶಬರಸ್ವಾಮಿಯು ನಿರ್ಣಯಿಸಿದ್ದಾನೆ. ವೇದಾರ್ಥದ ವಿಷಯದಲ್ಲಿ ಕೂಡ ಈ ನಿರ್ಣಯ! ಅದೇ ಅಧಿಕರಣದಲ್ಲಿ ಕುಮಾರಿಲಭಟ್ಟನು ತಂತ್ರವಾರ್ತಿಕದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ದ್ರಾವಿಡರು ಅನ್ನಕ್ಕೆ ‘ಚೋರ್’ ಎಂದರೆ ಅದರಲ್ಲಿ ಕಳ್ಳನಾದ ಚೋರನನ್ನೂ, ಹಾವಿಗೆ ‘ಪಾಂಪ್’ ಎಂದರೆ ಅದರಲ್ಲಿ ಪಾಪವನ್ನೂ ಕಾಣುವ ಪಂಡಿತರನ್ನು ಅವನು ಹಾಸ್ಯ ಮಾಡುತ್ತಾನೆ. ದ್ರಾವಿಡದಂಥ ಸಮೀಪದ ಭಾಷೆಯಲ್ಲಿಯೇ ಇವರ ಕಲ್ಪನೆ ಹೀಗಾದರೆ ಪಾರಸಿ, ಬರ್ಬರ, ಯವನ, ರೋಮಕ ಭಾಷೆಗಳಲ್ಲಿ ಇವರು ಏನೇನು ಮಾಡಿಯಾರೋ ಎಂಬುದು ಅವನ ಅಭಿಪ್ರಾಯ. ಆ ‘ಪಾಂಪ್’ ಎಂಬುದೇ ಹಳಗನ್ನಡದ ‘ಪಾವು’, ಇಂದಿನ ‘ಹಾವು’ ಎಂಬುದರ ಒಡಹುಟ್ಟು. ಸುಮಾರು ೭ನೆಯ ಶತಮಾನದ ಈ ಎಚ್ಚರಿಕೆಯಲ್ಲಿ ಪಾರಸಿಯ ಹೆಸರು ಬಂದಿರುವುದು ಚೆಕ್ಕಿನ ವಿಷಯಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಸಂಸ್ಕೃತವನ್ನು ಗೌರವಿಸುವವರು ಮೊದಲು ಗೌರವಿಸಬೇಕಾದದ್ದು ಅದರ ಶಾಸ್ತ್ರಕಾರರ ಈ ಸಂಯಮವನ್ನು.

ಹಾಗಾದರೆ ಸಂಸ್ಕೃತಕ್ಕೆ ಈ ಶಬ್ದದೊಡನೆ ಸಂಬಂಧವೇ ಇಲ್ಲವೋ? ಇದೆ. ಶಾಹ್ ಎಂಬುದಕ್ಕೆ ಪ್ರಾಚೀನ ಪಾರಸೀಕದ ರೂಪ ‘ಖ್ಷಾಯಥಿಯ’. ಕ್ರಿ. ಪೂ. ೬ನೆಯ ಶತಮಾನದ ಕೊನೆಯಲ್ಲಿ ದಾರಯವಹುಷ್ ಚಕ್ರವರ್ತಿಯು ಬೆಹಿಸ್ತೂನಿನ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ತನ್ನನ್ನು ರಾಜಾಧಿರಾಜನೆಂದು ಕರೆದುಕೊಂಡಿರುವುದು ಈ ಶಬ್ದದಿಂದಲೇ. ಅದೇ ಮುಂದೆ ‘ಶಾಹನ್‌ಶಾಹ್’ ಆಯಿತು. ಅವೆಸ್ತದಲ್ಲಿ ರಾಜ್ಯಕ್ಕೆ ‘ಖ್ಷಥ್ರ’ ಎಂದು ಹೆಸರು. ಇದು ವೇದದ ‘ಕ್ಷತ್ರ’. ಎರಡಕ್ಕೂ ಮೂಲವಾದ, ಆಳು ಎಂಬರ್ಥದ ಧಾತುವು ಸಂಸ್ಕೃತದಲ್ಲಿ ‘ಕ್ಷಯತಿ’ ಎಂದು ಕಾಣುತ್ತದೆ. ಲೌಕಿಕ ಸಂಸ್ಕೃತದಲ್ಲಿ ಕ್ಷಿ ಧಾತುವೆಂದರೆ ಕ್ಷೀಣಿಸುವುದೇ ಮೊದಲು ನೆನಪಿಗೆ ಬರುವುದಾದರೂ, ನಿಘಂಟುವು ಐಶ್ವರ್ಯಾರ್ಥಕ ಕ್ರಿಯಾಪದಗಳೆಂದು ಎಣಿಸಿರುವ ನಾಲ್ಕರಲ್ಲಿ ‘ಕ್ಷಯತಿ’ಯೂ ‘ರಾಜತಿ’ಯೂ ಅಕ್ಕಪಕ್ಕದಲ್ಲಿಯೇ ಇವೆ. ಸಂಸ್ಕೃತದ ಕ್ಷಕಾರಕ್ಕೆ ಪಾರಸಿಯಲ್ಲಿ ಶಕಾರವು ಬರುವುದು ಇದೊಂದರಲ್ಲಿಯೇ ಅಲ್ಲ. ರಾತ್ರಿವಾಚಕವಾದ ‘ಕ್ಷಪಾ’ ಅಲ್ಲಿ ‘ಶಬ್’. ‘ಕ್ಷೀರ’ವು ಅಲ್ಲಿ ‘ಶೀರ್’. ರಂಜಾನಿನ ಹಬ್ಬದ ಶೀರ್ ಖುರ್ಮಾ ಉಂಡವರಿಗೆ 이 ಕೊನೆಯ ಶಬ್ದವು ಬಾಯಿಗೆ ಪರಿಚಿತ.

ಆದರೆ ಇಲ್ಲಿಯೂ ಒಂದು ಎಚ್ಚರ ಅವಶ್ಯಕ. ಶಾಹ್ ಎಂಬುದು ಕ್ಷತ್ರದಿಂದ ಹುಟ್ಟಿದ್ದಲ್ಲ. ಎರಡೂ ಒಂದೇ ಪ್ರಾಚೀನ ಭಾಷೆಯ ಮಕ್ಕಳು. ಒಡಹುಟ್ಟಿದವನನ್ನು ಮಗನೆಂದು ಕರೆಯುವುದು ವಂಶವನ್ನು ಹೆಚ್ಚಿಸಿದಂತಾಗುವುದಿಲ್ಲ. ಕಾಳಿದಾಸನು ರಘುವಂಶದಲ್ಲಿ ದಿಲೀಪನ ಬಾಯಿಂದ, ಕ್ಷತದಿಂದ ಕಾಪಾಡುವುದರಿಂದ ಕ್ಷತ್ರವೆಂಬ ಹೆಸರು ರೂಢವಾಯಿತೆಂದು ಹೇಳಿಸುತ್ತಾನೆ. ಹಸುವನ್ನು ಸಿಂಹದಿಂದ ಕಾಪಾಡಲು ತನ್ನ ದೇಹವನ್ನೇ ಒಡ್ಡಲಿರುವ ರಾಜನ ಬಾಯಲ್ಲಿ ಆ ನಿರ್ವಚನಕ್ಕಿಂತ ಉಚಿತವಾದದ್ದಿಲ್ಲ. ಕಾವ್ಯವು ಅದರಿಂದ ಬೆಳಗುತ್ತದೆ. ಅದನ್ನು ಚರಿತ್ರೆಯೆಂದು ಹಿಡಿದರೆ ಮಾತ್ರ ದೋಷ.

ಈ ಒಂದು ಕುಲದ ಶಬ್ದಗಳು ಕರ್ನಾಟಕಕ್ಕೆ ಮೂರು ಬಾಗಿಲುಗಳಿಂದ ಬಂದಿರುವುದನ್ನು ಹೇಳದೆ ಬಿಡಲಾಗದು. ‘ಕ್ಷತ್ರಿಯ’ ಶಬ್ದವು ಸಂಸ್ಕೃತದೊಡನೆ ಬಂತು. ಬಹಮನಿ, ಆದಿಲ್‌ಶಾಹಿ ದೊರೆಗಳೊಡನೆ ‘ಶಾಹಿ’ ಬಂತು. ಆ ಸಿಂಹಾಸನಗಳು ಹೋದ ಮೇಲೂ ಅದು ಪ್ರತ್ಯಯದಂತೆ ನಿಂತು ‘ಅಧಿಕಾರಶಾಹಿ’, ‘ಬಂಡವಾಳಶಾಹಿ’ ಎಂಬ ಹೊಸ ಸಮಾಸಗಳನ್ನು ಮಾಡುತ್ತಿದೆ. ಕೊನೆಗೆ ಇಂಗ್ಲಿಷರೊಡನೆ ಚೆಕ್ ಬಂತು. ಅಧಿಕಾರಶಾಹಿಯು ಚೆಕ್ಕಿಗೆ ಸಹಿ ಹಾಕುವಾಗ ಒಂದೇ ಶಬ್ದವು ತನ್ನ ಎರಡು ಅವತಾರಗಳಲ್ಲಿ ತನ್ನನ್ನೇ ಸಂಧಿಸುತ್ತದೆ.

ಇನ್ನು ಅರ್ಥಭೇದದ ವಿಚಾರ. ವ್ಯುತ್ಪತ್ತಿನಿಮಿತ್ತವೇ ಬೇರೆ, ಪ್ರವೃತ್ತಿನಿಮಿತ್ತವೇ ಬೇರೆ ಎಂದು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ‘ಕುಶಲ’ ಶಬ್ದದ ಪ್ರಸಂಗದಲ್ಲಿ ಹೇಳಿದ್ದಾನೆ. ದರ್ಭೆಯನ್ನು ತರುವವನೆಂಬ ವ್ಯುತ್ಪತ್ತಿಯು ಉಂಟಾದರೂ ದಕ್ಷನೆಂಬುದೇ ಆ ಶಬ್ದದ ಮುಖ್ಯಾರ್ಥ; ಇಲ್ಲವಾದರೆ ನಡೆಯುವುದರಿಂದ ಗೋವೆನಿಸಿದ ಹಸುವು ಮಲಗಿದೊಡನೆ ಗೋವಲ್ಲವೆಂದಾಗಬೇಕು. ಚೆಕ್ಕಿನಲ್ಲಿ ಈ ಭೇದವು ವೈರುದ್ಧ್ಯದ ವರೆಗೆ ಹೋಗಿದೆ. ವ್ಯುತ್ಪತ್ತಿಯಿಂದ ಅದು ಆಳುವವನು. ಪ್ರವೃತ್ತಿಯಿಂದ ಆಳುವವನನ್ನು ತಡೆಯುವುದು. ರಾಜ್ಯಾಂಗಶಾಸ್ತ್ರದಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಒಂದನ್ನೊಂದು ಮೀರದಂತೆ ಇಡುವ ವ್ಯವಸ್ಥೆಗೆ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎನ್ನುತ್ತಾರೆ. ಇಲ್ಲಿ ಚೆಕ್ಕಿಗೆ ‘ಪರಿಶೀಲನೆ’ ಎಂದು ಕನ್ನಡಿಸಿದರೆ ಅರ್ಥವೇ ಹಾಳು. ಪರಿಶೀಲಿಸುವವನು ನೋಡಿ ಸುಮ್ಮನಿರಬಹುದು, ತಡೆಯುವವನು ಸುಮ್ಮನಿರುವಂತಿಲ್ಲ. ಪ್ರಜೆಗಳ ಸ್ವಾತಂತ್ರ್ಯವು ನಿಂತಿರುವುದು ಎರಡನೆಯವನ ಮೇಲೆ. ‘ತಡೆ’, ‘ಅಂಕೆ’ ಎಂಬ ಅಚ್ಚಗನ್ನಡ ಶಬ್ದಗಳು ಇರುವಾಗ, ಕಚೇರಿಯಲ್ಲಿ ಹೆಚ್ಚು ಕಿವಿಗೆ ಬೀಳುವ ಅರ್ಥವೇ ಎಲ್ಲೆಡೆಯೂ ಹೊಂದುತ್ತದೆಂದು ತಿಳಿಯುವುದು ಭಾಷಾಂತರಕಾರರ ಆಲಸ್ಯ. ಚೆಕ್ ಡ್ಯಾಮಿನಲ್ಲಿಯೂ ತಡೆಯೇ ಅರ್ಥ. ಅದು ನೀರನ್ನು ತಡೆಯುತ್ತದೆ, ಪರೀಕ್ಷಿಸುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಮಾತ್ರ ತಡೆಯುವುದೂ ನೋಡುವುದೂ ಎರಡೂ ಕೂಡಿವೆ. ಯಾವ ಅರ್ಥವು ಎಲ್ಲಿ ಎಂಬುದನ್ನು ನಿಶ್ಚಯಿಸಲು ಭರ್ತೃಹರಿಯು ಎಣಿಸಿದ ಸಂಸರ್ಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ ಮುಂತಾದುವೇ ಸಾಕು. ಊಟದ ಹೊತ್ತಿನಲ್ಲಿ ಸೈಂಧವವನ್ನು ಕೇಳಿದರೆ ಉಪ್ಪನ್ನು ತರುವ, ಪ್ರಯಾಣದ ಹೊತ್ತಿನಲ್ಲಿ ಕೇಳಿದರೆ ಕುದುರೆಯನ್ನು ತರುವ ಸೇವಕನಿಗೆ ಇದ್ದಷ್ಟು ಎಚ್ಚರ ಭಾಷಾಂತರಕಾರನಿಗೂ ಇರಬೇಕು.

ಪ್ರವೃತ್ತಿನಿಮಿತ್ತದ ಬಲಕ್ಕೆ ಕಾನೂನಿನಲ್ಲಿಯೂ ಒಂದು ದೃಷ್ಟಾಂತವಿದೆ. ೧೮೮೧ರ ಹಣಪತ್ರಗಳ ಅಧಿನಿಯಮದ ೬ನೆಯ ಕಲಮಿನಲ್ಲಿ ಚೆಕ್ಕಿನ ಲಕ್ಷಣವನ್ನು ಹೇಳಿದೆ. ೨೦೦೨ರ ತಿದ್ದುಪಡಿಯಿಂದ ವಿದ್ಯುನ್ಮಾನ ರೂಪದ ಚೆಕ್ಕೂ ಅದರಲ್ಲಿ ಸೇರಿತು. ಕೋಲು ಹೋಯಿತು, ಮೇಜಿನ ಹಾಸು ಹೋಯಿತು, ಈಗ ಕಾಗದವೂ ಹೋಗುವಂತಿದೆ; ಶಬ್ದವು ಉಳಿದಿದೆ.

ಇಷ್ಟರಿಂದ ಕೋಶಕಾರನು ಮಾಡಬೇಕಾದದ್ದು ತಿಳಿಯುತ್ತದೆ. ತಡೆ, ಅಂಕೆ, ತಾಳೆ, ಬಿಲ್ಲೆ, ಹಣದ ಪತ್ರ, ಚೌಕಳಿ, ಇವೆಲ್ಲವೂ ಒಂದೇ ಶಬ್ದದ ಅರ್ಥಗಳು. ಇವನ್ನು ಒಂದೇ ಉಲ್ಲೇಖದ ಕೆಳಗೆ, ಹುಟ್ಟಿದ ಕ್ರಮದಲ್ಲಿ ಇಡಬೇಕು. ಇಂಗ್ಲಿಷಿನ ಆಕ್ಸ್‌ಫರ್ಡ್ ಮಹಾಕೋಶವು ೧೮೮೪ರಿಂದ ೧೯೨೮ರ ವರೆಗೆ ಕಂತುಕಂತಾಗಿ ಹೊರಟು ಈ ಐತಿಹಾಸಿಕ ಕ್ರಮದ ಪ್ರಯೋಜನವನ್ನು ತೋರಿಸಿಕೊಟ್ಟಿದೆ. ಬಳಕೆಯ ಹೆಚ್ಚಳವನ್ನು ನೋಡಿ ಹಣದ ಅರ್ಥವನ್ನು ಮೊದಲಿಟ್ಟರೆ ಓದುಗನಿಗೆ ಬೇಗನೆ ಸಿಕ್ಕೀತು, ಆದರೆ ಮಿಕ್ಕ ಅರ್ಥಗಳು ಅವನಿಗೆ ಕಾರಣವಿಲ್ಲದ ರಾಶಿಯಾಗಿ ಕಾಣುವುವು. ಜನಾಂಗವಾಚಕವಾದ ಚೆಕ್ ಬೇರೆಯೇ ಶಬ್ದ. ಅದು ಆ ಜನರು ತಮಗೆ ತಾವು ಇಟ್ಟುಕೊಂಡ ಹೆಸರು. ಇಂಗ್ಲಿಷಿನಲ್ಲಿ ಅಕ್ಷರಗಳಿಂದಲಾದರೂ ಬೇರೆಯಾಗಿ ಕಾಣುವ ಅದು ಕನ್ನಡ ಲಿಪಿಯಲ್ಲಿ ಆ ಭೇದವನ್ನೂ ಕಳೆದುಕೊಂಡಿದೆ. ಅಲ್ಲಿ ಅನೇಕಶಬ್ದವಾದವೇ ಸರಿ. ಚೆಕ್ಕುಬಂದಿಯನ್ನಂತೂ ಇಂಗ್ಲಿಷ್ ಶಬ್ದಗಳ ಸಾಲಿನಿಂದ ಎತ್ತಿ, ಹಿಂದುಸ್ತಾನಿಯ ಕಂದಾಯ ಪರಿಭಾಷೆಯಾದ ‘ಚಕ್‌ಬಂದಿ’ಯ ಪಕ್ಕದಲ್ಲಿ, ಖಾತೆ, ಪಹಣಿ, ಜಮಾಬಂದಿಗಳ ನಡುವೆ ಕೂರಿಸಬೇಕು. ಅಲ್ಲಿನ ಚಕ್ ಎಂದರೆ ಜಮೀನಿನ ತುಂಡು. ಅದಕ್ಕೂ ಚದುರಂಗದ ರಾಜನಿಗೂ ಯಾವ ವ್ಯಾಜ್ಯವೂ ಇಲ್ಲ.